ಏರಿನಲ್ಲಿ ಎಂಜಿನ್ ಉಸಿರಾಡುತ್ತಿದ್ದ ಬಗೆ

ಸೊರಬ ತಾಲ್ಲೂಕಿನ ಹಕ್ಕಿಗಳ ಊರು ಗುಡವಿಗೆ ರೈಲು ಬಂದದ್ದಿಲ್ಲ. ಸೊರಬದ ಈ ಕಡೆಯವರಿಗೆ ಹತ್ತಿರದ ಕಂಬಿ ಎಂದರೆ ಸಾಗರ, ತಾಳಗುಪ್ಪದ್ದು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ಬಂದ ಮೀಟರ್‌ಗೇಜ್ ಹಳಿ ತಾಳಗುಪ್ಪವನ್ನು ಮುಟ್ಟಿದ್ದು 1940ರಲ್ಲಿ. 2011ರ ಹೊತ್ತಿಗೆ ತಾಳಗುಪ್ಪದವರೆಗೂ ಆ ದಾರಿ ಬ್ರಾಡ್‌ಗೇಜ್ ಆಯಿತು. ಬೆಂಗಳೂರಿಗೆ ನೇರ ಗಾಡಿ ಸಿಕ್ಕ ಮೇಲೆ ಯಾರೂ ಹಳೆಯ ಹಳಿಗಾಗಿ ಅಳಬೇಕಾಗಿಲ್ಲ. ಆದರೆ ಮಲೆನಾಡಿನ ಏರುಗಳಲ್ಲಿ ಉಗಿ ಎಂಜಿನ್ ಹೊರಡಿಸುತ್ತಿದ್ದ ಸದ್ದು ಮಾತ್ರ ಮ್ಯೂಸಿಯಂನಲ್ಲಿ ನಿಲ್ಲಿಸಿದ ಕಬ್ಬಿಣದಿಂದ ಮರಳಿ ಬರುವುದಿಲ್ಲ. ಅಂಗೈಯಲ್ಲಿ ಹಿಡಿಯಬಹುದಾದ, ಡಿಜಿಟಲ್ ಧ್ವನಿಯ ಮಾದರಿ ಎಂಜಿನ್‌ಗೆ ಆ ಸದ್ದನ್ನು ಉಳಿಸುವ ಶಕ್ತಿ ಇದೆ. ಒಂದೇ ಷರತ್ತು: ಅದರೊಳಗಿನ ಧ್ವನಿ ಅದೇ ಜಾತಿಯ ನಿಜವಾದ ಎಂಜಿನ್ನಿನದಾಗಿರಬೇಕು.

ಚುಕುಬುಕು ಎಂದು ಮಕ್ಕಳು ಅನುಕರಿಸುವ ಸದ್ದು ಬರುವುದು ಚಕ್ರದಿಂದಲ್ಲ, ಚಿಮಣಿಯಿಂದ. ಸಿಲಿಂಡರಿನಲ್ಲಿ ಪಿಸ್ಟನ್ನನ್ನು ತಳ್ಳಿ ಮುಗಿದ ಉಗಿ ಚಿಮಣಿಯ ಬುಡದ ಕೊಳವೆಯಿಂದ ರಭಸವಾಗಿ ಹೊರನುಗ್ಗುತ್ತದೆ. ನುಗ್ಗುವಾಗ ಒಲೆಯ ಹೊಗೆಯನ್ನೂ ಎಳೆದೊಯ್ದು ಬೆಂಕಿಗೆ ಗಾಳಿ ಒದಗಿಸುತ್ತದೆ. ಎರಡು ಸಿಲಿಂಡರುಗಳ ಎಂಜಿನ್ನಿನಲ್ಲಿ ದೊಡ್ಡ ಚಕ್ರ ಒಂದು ಸುತ್ತು ತಿರುಗಿದರೆ ಇಂಥ ನಾಲ್ಕು ಉಸಿರು. ಉದಾಹರಣೆಗೆ, 1949ರಿಂದ 1970ರವರೆಗೆ 871ರಷ್ಟು ತಯಾರಾಗಿ ದೇಶದ ಮೀಟರ್‌ಗೇಜಿನಲ್ಲಿ ಪ್ಯಾಸೆಂಜರ್ ಗಾಡಿಗಳನ್ನು ಎಳೆದ ವೈಪಿ ಎಂಜಿನ್ನಿನ ದೊಡ್ಡ ಚಕ್ರದ ವ್ಯಾಸ 1372 ಮಿಲಿಮೀಟರ್. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಏರು ಹತ್ತುವಾಗ ಅದು ಸೆಕೆಂಡಿಗೆ ಸುಮಾರು ನಾಲ್ಕು ಸಲ ಉಸಿರು ಬಿಡುತ್ತದೆ. ಆಗ ಡ್ರೈವರ್ ಸಿಲಿಂಡರಿಗೆ ಹೆಚ್ಚು ಹೊತ್ತು ಉಗಿ ಬಿಡುವುದರಿಂದ ಸದ್ದು ಗಡಸು, ಬಿಡಿಬಿಡಿ. ಸಮತಟ್ಟಿನಲ್ಲಿ ಉಗಿಯನ್ನು ಮಿತಗೊಳಿಸಿದಾಗ ಅದೇ ಸದ್ದು ಮೆತ್ತಗಾಗುತ್ತದೆ. ಇಳಿಜಾರಿನಲ್ಲಿ ಕೇಳುವುದು ಹೆಚ್ಚಾಗಿ ಸರಳುಗಳ ಖಣಖಣ ಮಾತ್ರ. ಗುಡವಿಯ ಕೆರೆಯಲ್ಲಿ ಪೊದೆಯೊಳಗಿನ ಹಕ್ಕಿಯನ್ನು ಕೂಗಿನಿಂದಲೇ ಗುರುತಿಸುವ ಹಾಗೆ, ಪಳಗಿದ ಕಿವಿ ಎಂಜಿನ್ ಕಾಣುವ ಮೊದಲೇ ಅದರ ಭಾರವನ್ನೂ ದಾರಿಯ ಏರನ್ನೂ ಅಂದಾಜಿಸಬಲ್ಲದು.

ಮಾದರಿಯೊಳಗಿನ ಡಿಕೋಡರ್ ಎಂಬ ಪುಟ್ಟ ಫಲಕ ಮಾಡುವುದೂ ಇದೇ ಲೆಕ್ಕ. 1:87 ಪ್ರಮಾಣದಲ್ಲಿ ಮೀಟರ್‌ಗೇಜ್ ಎಂದರೆ 12 ಮಿಲಿಮೀಟರ್ ಅಗಲದ ಹಳಿ. ಆ ಹಳಿಯ ಮೂಲಕವೇ ವಿದ್ಯುತ್ತೂ ಆಜ್ಞೆಯೂ ಬರುತ್ತವೆ. ಮೋಟಾರು ಎಷ್ಟು ವೇಗವಾಗಿ ತಿರುಗುತ್ತಿದೆ, ಎಷ್ಟು ತಿಣುಕುತ್ತಿದೆ ಎಂಬುದನ್ನು ಡಿಕೋಡರ್ ಅಳೆದು, ನೆನಪಿನಲ್ಲಿಟ್ಟ ಮುದ್ರಿಕೆಗಳಿಂದ ತಕ್ಕ ಉಸಿರನ್ನು ಆರಿಸಿ ನುಡಿಸುತ್ತದೆ.

ಇದು ಹಣವಂತರ ಆಟಿಕೆ, ಇತಿಹಾಸವಲ್ಲ ಎನ್ನುವವರಿದ್ದಾರೆ. ಬೆಲೆಯ ಮಾತು ನಿಜ. ಯಾವುದೋ ದೇಶದ ಎಂಜಿನ್ನಿನ ಸದ್ದನ್ನು ವೈಪಿಯ ಹೊಟ್ಟೆಗೆ ತುಂಬಿದರೆ ಅದು ಆಟಿಕೆಯೇ, ಅದನ್ನೂ ಒಪ್ಪುತ್ತೇನೆ. ಆದರೆ ಜರ್ಮನಿಯ ಲೋಕ್‌ಸೌಂಡ್‌ನಂಥ ಡಿಕೋಡರ್‌ಗಳು ನಾವೇ ಮುದ್ರಿಸಿದ ಧ್ವನಿಯನ್ನೂ ಸ್ವೀಕರಿಸುತ್ತವೆ. ಕೊರತೆ ಯಂತ್ರದ್ದಲ್ಲ, ಮುದ್ರಿಕೆಯದು. ನೀಲಗಿರಿಯಲ್ಲಿ ಮೀಟರ್‌ಗೇಜ್ ಉಗಿ ಎಂಜಿನ್ ಇನ್ನೂ ಓಡುತ್ತಿದೆಯಲ್ಲ, ಅದರ ಸದ್ದು ಸಾಲದೇ ಎಂದು ಕೇಳಬಹುದು. ಸಾಲದು. ಅಲ್ಲಿಯ ಎಕ್ಸ್ ವರ್ಗದ ಎಂಜಿನ್ನಿಗೆ ನಾಲ್ಕು ಸಿಲಿಂಡರು. ಹಲ್ಲುಗಂಬಿಯ ಏರಿನಲ್ಲಿ ಒಂದು ಜೋಡಿ ಬಳಸಿದ ಉಗಿಯನ್ನೇ ಇನ್ನೊಂದು ಜೋಡಿ ಮತ್ತೆ ಬಳಸಿಕೊಳ್ಳುತ್ತದೆ. ಹಾಗಾಗಿ ಅದರ ಉಸಿರಿನ ಲಯವೇ ಬೇರೆ.

ಮುದ್ರಿಕೆಯ ಕೊರತೆ ನೀಗುವ ದಾರಿಗಳಿವೆ. ಹರಿಯಾಣದ ರೇವಾರಿ ಶೆಡ್ಡಿನಲ್ಲಿ ಉಗಿ ಎಂಜಿನ್‌ಗಳನ್ನು ಓಡುವ ಸ್ಥಿತಿಯಲ್ಲಿ ಕಾಪಾಡಿದ್ದಾರೆ. ನಮ್ಮಲ್ಲಿ 1979ರಿಂದ ಮೈಸೂರಿನಲ್ಲೂ 2020ರಿಂದ ಹುಬ್ಬಳ್ಳಿಯಲ್ಲೂ ರೈಲು ಮ್ಯೂಸಿಯಂಗಳಿವೆ. ಅವು ಹಳೆಯ ಡ್ರೈವರ್‌, ಫೈರ್‌ಮನ್‌ಗಳನ್ನು ಕೂರಿಸಿ, ಮನೆಗಳಲ್ಲಿ ಉಳಿದಿರಬಹುದಾದ ಕ್ಯಾಸೆಟ್ಟುಗಳನ್ನು ಕೇಳಿಸಿ, ಯಾವ ಸದ್ದು ಯಾವ ಎಂಜಿನ್ನಿನದು, ಏರಿನದೋ ಇಳಿಜಾರಿನದೋ ಎಂದು ಬರೆಸಿಟ್ಟುಕೊಳ್ಳಬೇಕು. ಆ ಕಿವಿಗಳಿಗೆ ಈಗ ವಯಸ್ಸಾಗಿದೆ. ಈ ಕೆಲಸ ಮಾದರಿ ಎಂಜಿನ್ ಕೊಳ್ಳುವುದಕ್ಕಿಂತ ಮೊದಲು ಆಗಬೇಕಾದದ್ದು.