ಮಲಪ್ರಭೆಯ ನೆರೆಯೂ ಅಪಾಯದ ಗಣಿತವೂ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಕಿತ್ತೂರು, ಬೈಲಹೊಂಗಲಗಳ ಸೀಮೆಯನ್ನು ಹಾದು, ಸವದತ್ತಿಯ ಬಳಿ ನವಿಲುತೀರ್ಥದ ಕಲ್ಲುಕಣಿವೆಯನ್ನು ಸೀಳಿಕೊಂಡು, ಮುನವಳ್ಳಿಯ ಮಾರ್ಗವಾಗಿ ರಾಮದುರ್ಗವನ್ನು ಮುಟ್ಟುತ್ತದೆ. ಮಳೆ ಸುರಿಯುವುದು ಸಹ್ಯಾದ್ರಿಯ ಸೆರಗಿನಲ್ಲಿ. ನೀರು ನುಗ್ಗುವುದು ಮಳೆಗೆ ಹಂಬಲಿಸುವ ಬಯಲುಸೀಮೆಯ ಊರುಗಳಿಗೆ. 2019ರ ಆಗಸ್ಟಿನಲ್ಲಿ ರಾಮದುರ್ಗದ ತಗ್ಗಿನ ಬಡಾವಣೆಗಳು ಮುಳುಗಿದುದು ಹೀಗೆಯೇ. ಇಂತಹ ಆಪತ್ತನ್ನು ಮೊದಲೇ ಅಳೆಯಲು ಬಂದೀತೇ ಎಂಬುದನ್ನು ನಾವೀಗ ವಿಚಾರಿಸೋಣ.

ಅಪಾಯವನ್ನು ಅಳೆಯಲು ಮೂರು ಸಂಗತಿಗಳು ಬೇಕು: ನೆರೆಯು ಎಷ್ಟು ಸಲ ಬರಬಹುದು, ಎಷ್ಟು ಎತ್ತರ ಏರಬಹುದು, ಅದರ ದಾರಿಯಲ್ಲಿ ಯಾರಿರುವರು. ಮೊದಲನೆಯದರಲ್ಲಿಯೇ ಒಂದು ತಪ್ಪು ತಿಳಿವಳಿಕೆ ಬಹಳ ಹಬ್ಬಿದೆ. ‘ನೂರು ವರ್ಷದ ನೆರೆ’ ಎಂದರೆ ಒಮ್ಮೆ ಬಂದರೆ ನೂರು ವರ್ಷ ನಿಶ್ಚಿಂತೆ ಎಂದಲ್ಲ. ಪ್ರತಿವರ್ಷವೂ ಅದರ ಸಂಭವ ನೂರರಲ್ಲಿ ಒಂದು ಎಂದರ್ಥ. ಅದು ಒಂದು ವರ್ಷ ಬಾರದಿರುವ ಸಂಭವ 0.99. ಇದನ್ನು ಮೂವತ್ತು ಸಲ ಗುಣಿಸಿದರೆ ಸುಮಾರು 0.74 ಬರುತ್ತದೆ. ಆದುದರಿಂದ ನದೀತೀರದ ಮನೆಯಲ್ಲಿ ಮೂವತ್ತು ವರ್ಷ ಬಾಳುವ ಕುಟುಂಬವು ಅಂತಹ ನೆರೆಯನ್ನು ಕಾಣುವ ಸಂಭವ ನೂರಕ್ಕೆ ಇಪ್ಪತ್ತಾರು!

ಎತ್ತರದ ವಿಷಯ ಚಿಕ್ಕದು. ಅಗಲವಾದ ಪಾತ್ರದಲ್ಲಿ ಹರಿವು ಇಮ್ಮಡಿಯಾದರೆ ಆಳವು ಸುಮಾರು ಒಂದೂವರೆ ಪಟ್ಟಾಗುತ್ತದೆ. ಆದರೆ ದಡ ಮೀರಿದ ಮೇಲೆ ಇಳಿಜಾರಿನದೇ ಆಟ. 500 ಮೀಟರಿಗೆ 1 ಮೀಟರಿನಂತೆ ಏರುವ ನೆಲದಲ್ಲಿ ನೀರು ಅರ್ಧ ಮೀಟರ್ ಹೆಚ್ಚಿದರೆ ಅದರ ಅಂಚು 250 ಮೀಟರ್ ಊರೊಳಗೆ ಬಂದಿರುತ್ತದೆ.

ನಡುವೆ ನವಿಲುತೀರ್ಥದ ಅಣೆಕಟ್ಟು ಇದೆ. ಅದರ ರೇಣುಕಾಸಾಗರದಲ್ಲಿ ಸುಮಾರು 37.7 ಟಿ.ಎಂ.ಸಿ. ನೀರು ನಿಲ್ಲಬಲ್ಲುದು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಕ್ಷಣಕ್ಕೆ 50,000 ಘನ ಅಡಿ ಒಳಹರಿವು ಇದ್ದರೆ ದಿನಕ್ಕೆ 4.32 ಟಿ.ಎಂ.ಸಿ. ಸೇರುತ್ತದೆ, 10 ಟಿ.ಎಂ.ಸಿ. ತೆರವಿದ್ದರೂ ಎರಡು ದಿನ ಎಂಟು ಗಂಟೆಗಳಲ್ಲಿ ಅದು ತುಂಬಿಹೋಗುವುದು. ಹಾಗಾದರೆ ಹೆಚ್ಚು ತೆರವಿಡಬಾರದೇಕೆ? ರಾಮದುರ್ಗದವರು ಹಾಗೆ ಕೇಳುವುದು ನ್ಯಾಯವೇ. ಆದರೆ ಮುಂದೆ ಮಳೆ ಕೈಕೊಟ್ಟರೆ ನರಗುಂದ ನವಲಗುಂದಗಳ ಹೊಲಗಳಿಗೂ ಹುಬ್ಬಳ್ಳಿ ಧಾರವಾಡಗಳ ನಲ್ಲಿಗಳಿಗೂ ನೀರೆಲ್ಲಿಯದು? ಗಣಿತವು ಎರಡು ದಾರಿಗಳ ಬೆಲೆಯನ್ನೂ ಹೇಳೀತು, ಆಯ್ಕೆ ಮಾಡಿಕೊಡಲಾರದು.

2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಗ್ರಾಮಪಂಚಾಯತಿಗಳಲ್ಲಿ ನೆಟ್ಟಿರುವ ಸ್ವಯಂಚಾಲಿತ ಮಳೆಮಾಪಕಗಳಿಂದ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರಕ್ಕೆ ಅಂಕಿಗಳು ಬರುತ್ತವೆ. ಇಷ್ಟಾದರೂ ನಡುರಾತ್ರಿ ತಹಶೀಲ್ದಾರರಿಗೆ ಬೇಕಾಗುವುದು ಘನ ಅಡಿಗಳ ಲೆಕ್ಕವಲ್ಲ, ಓಣಿಗಳ ಹೆಸರು. ಇಷ್ಟು ನೀರು ಬಿಟ್ಟರೆ ಯಾವ ಓಣಿ ಮೊದಲು ಮುಳುಗುವುದು, ಯಾವ ಸೇತುವೆ ಮುಚ್ಚುವುದು? ನೆರೆಯು ಗಂಟೆಗೆ 5 ಕಿಲೋಮೀಟರಿನಂತೆ 40 ಕಿಲೋಮೀಟರ್ ಬರುವುದೆಂದು ಭಾವಿಸಿದರೆ ಕೈಯಲ್ಲಿರುವುದು ಎಂಟೇ ಗಂಟೆ. ಮುದುಕರನ್ನೂ ದನಕರುಗಳನ್ನೂ ಸಾಗಿಸುವುದು ಅಷ್ಟರೊಳಗೇ ಆಗಬೇಕು.

ಇಂತಹ ಪಟ್ಟಿಯು ನಿಜಕ್ಕೆ ಹೊಂದುವುದೋ ಇಲ್ಲವೋ ಎಂದು ಪರೀಕ್ಷಿಸಲು ಹಳೆಯ ನೆರೆಯ ಗುರುತುಗಳೇ ಆಧಾರ. 2019ರ ನೀರಿನ ಗೆರೆ ಯಾವುದಾದರೂ ಗೋಡೆಯ ಮೇಲೆ ಇನ್ನೂ ಉಳಿದಿದ್ದರೆ, ಸುಣ್ಣ ಬಳಿಯುವ ಮೊದಲು ಅದರ ಎತ್ತರವನ್ನು ಅಳೆದು ಬರೆದಿಡುವುದು ಹೈಸ್ಕೂಲಿನ ವಿದ್ಯಾರ್ಥಿಗಳಿಗೂ ಸಾಧ್ಯವಾದ ಕೆಲಸ. ಒಂದು ಟೇಪು ಸಾಕು.