ಕಾಗದದಲ್ಲಿ ಹಂದಿ ಎಲ್ಲಿದೆ?

"ಮಾವಾ, ಪಂದಿ!" ಅಂತ ಅಕ್ಕನ ಮಗ ಕೂಗಿದ್ದಷ್ಟೇ ನನಗೆ ಕೇಳಿಸಿದ್ದು. ಬ್ರೇಕ್ ಹಿಡಿಯುವಷ್ಟರಲ್ಲಿ ಗಾಡಿಯ ಮೂತಿಗೆ ಭತ್ತದ ಮೂಟೆ ಎತ್ತಿ ಬಡಿದ ಹಾಗೆ ಸದ್ದಾಯಿತು. ಬಲಗಡೆಯ ದೀಪ ಆರಿತು. ರೇಡಿಯೇಟರಿನ ನೀರು ಬುಸ್ಸೆಂದು ಆವಿಯಾಗಿ ಗಾಜಿಗೆ ಹೊಡೆಯಿತು.

2024ರ ನವೆಂಬರ್ ತಿಂಗಳು, ಬೆಳಗಿನ ಜಾವ ನಾಲ್ಕೂಕಾಲು. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಹೇರಿಕೊಂಡು, ಮೈಸೂರು, ಮಡಿಕೇರಿ ಹಾಯ್ದು, ಸಂಪಾಜೆ ಘಾಟಿ ಇಳಿದು, ಸುಳ್ಯ ದಾಟಿ ಜಾಲ್ಸೂರಿನಲ್ಲಿ ಎಡಕ್ಕೆ ತಿರುಗಿದ್ದೆವು. ಅಲ್ಲಿಂದ ಚೆರ್ಕಳದವರೆಗೆ ಸುಮಾರು 40 ಕಿಲೋಮೀಟರು. ಅದು ಮುಗಿದರೆ ಕಾಸರಗೋಡು ಪೇಟೆ ಬಂದ ಹಾಗೆಯೇ. ಗಾಡಿಯಲ್ಲಿ 15 ಕಿಲೋದ ಬಾಕ್ಸುಗಳು 300. ಅರ್ಧ ನನ್ನ ಹೊಲದ್ದು, ಅರ್ಧ ಪಕ್ಕದವರದ್ದು. ನಾನು ಲೋಡಿನ ಜೊತೆ ಹೋಗುವವನಲ್ಲ. ಕಾಸರಗೋಡಿನ ಮಂಡಿಯವರು ಹಳೇ ಲೆಕ್ಕ ಕೂತು ಮುಗಿಸೋಣ ಬನ್ನಿ ಅಂದರು, ಹೊರಟೆ.

ಆದೂರು ದಾಟಿ ಮುಳ್ಳೇರಿಯ ಇನ್ನೂ ಬಂದಿರಲಿಲ್ಲ. ಇಬ್ಬರೂ ಕೆಳಗಿಳಿದೆವು. ರಸ್ತೆಯ ಮೇಲೆ ರಕ್ತ ಇತ್ತು, ಹಂದಿ ಇರಲಿಲ್ಲ. ಪೊದೆಯೊಳಗೆ ಎಳೆದುಕೊಂಡು ಹೋದ ಗುರುತು. ಅಕ್ಕನ ಮಗ ಮೊದಲು ಆಡಿದ ಮಾತು, "ಹೊರಟುಬಿಡೋಣ ಮಾವಾ, ಫಾರೆಸ್ಟ್‌ನವರು ಬಂದರೆ ಕೇಸು." ಹೊರಡೋದಕ್ಕೆ ರೇಡಿಯೇಟರ್ ಬೇಕಲ್ಲ! ಅದು ಒಡೆದದ್ದೇ ಒಳ್ಳೆಯದಾಯಿತು ಅಂತ ಆಮೇಲೆ ಅನ್ನಿಸಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೀನಿಗೆ ಹೊರಟಿದ್ದ ಆಟೋದವರೊಬ್ಬರು ನಿಲ್ಲಿಸಿದರು. ನಾವಾಡುತ್ತಿದ್ದುದು ತೆಲುಗು, ಅವರ ಬಾಯಲ್ಲಿ ಮಲಯಾಳ. "ಪಂದಿ" ಅಂದದ್ದೇ ಅವರಿಗೆ ಎಲ್ಲ ಗೊತ್ತಾಯಿತು. "ಪನ್ನಿಯೋ?" ಅಂದರು. ಮುಳ್ಳೇರಿಯದ ಚಹಾ ಅಂಗಡಿಯಲ್ಲಿ ಕೂತಿದ್ದ ಹಿರಿಯರು ತುಳುವಿನಲ್ಲಿ "ಪಂಜಿಯಾ?" ಎಂದು ಕೇಳಿದರು. ನಮ್ಮ ಕನ್ನಡದ ಹಂದಿಯೂ ಹಳಗನ್ನಡದಲ್ಲಿ ಪಂದಿಯೇ ಆಗಿತ್ತು. ನಾಲ್ಕು ಭಾಷೆಗೂ ಒಂದೇ ಹಂದಿ. ಪದ್ಯ ಕಟ್ಟುವ ಚಟ ಇರುವವನಿಗೆ ಅಷ್ಟು ಹೊತ್ತಿನಲ್ಲೂ ಪ್ರಾಸ ಸಿಕ್ಕಿತು. ರೇಡಿಯೇಟರ್ ಮಾತ್ರ ಮಂಗಳೂರಿನಿಂದ ಬರಬೇಕು ಅಂದರು.

ಹೊಳೆಯುವ ಕಣ್ಣು, ಹೊಳೆಯದ ಕಣ್ಣು

ಚಹಾ ಅಂಗಡಿಯಲ್ಲಿ ಬೆಳಗಾಗುವವರೆಗೆ ಕೂತೆವು. ಹಾಲಿನ ಗಾಡಿಯವರು, ಪೇಪರ್ ಹಾಕುವ ಹುಡುಗ, ರಬ್ಬರ್ ಟ್ಯಾಪಿಂಗ್‌ಗೆ ಹೊರಟವರು, ಒಬ್ಬೊಬ್ಬರೂ ಬಂದು ನಮ್ಮನ್ನು ನೋಡಿ ಒಂದೊಂದು ಕಥೆ ಹೇಳಿದರು. ಹಂದಿ ಅಡ್ಡ ಬರದವರು ಆ ಅಂಗಡಿಯಲ್ಲಿ ಯಾರೂ ಇರಲಿಲ್ಲ.

"ಕಡವೆಯಾದರೆ ಕಾಣ್ತದೆ ಮಾರಾಯ್ರೆ, ಹಂದಿ ಕಾಣುವುದೇ ಇಲ್ಲ" ಅಂದರು ಒಬ್ಬ ಜೀಪಿನವರು. ಅವರು ಪಾಣತ್ತೂರು, ಕರಿಕೆ ದಾರಿಯಾಗಿ ಭಾಗಮಂಡಲಕ್ಕೆ ಬಾಡಿಗೆ ಹೋಗುವವರು. ಒಂದು ರಾತ್ರಿ ಕರಿಕೆಯಿಂದ ಮೇಲೆ ತಿರುವಿನಲ್ಲಿ ಜೀಪಿನ ಬಾನೆಟ್ಟಿಗಿಂತ ಎತ್ತರದಲ್ಲಿ ಎರಡು ಕಣ್ಣು ಉರಿದವಂತೆ. ನಿಲ್ಲಿಸಿದರು. ಕಡವೆ ರಸ್ತೆಯ ನಡುವೆ ನಿಂತೇ ಇದೆ, ಹಾರನ್‌ಗೂ ಕದಲುವುದಿಲ್ಲ. ದೀಪ ಡಿಮ್ ಮಾಡಿದ ಮೇಲೆ ಮೆಲ್ಲಗೆ ದಾಟಿತು. ಹೋಯಿತಲ್ಲ ಅಂತ ಗೇರ್ ಹಾಕಿದರೆ, ಅದರ ಹಿಂದಿನಿಂದ ಮರಿ ನೆಗೆದು ಬಂಪರಿಗೇ ಬಿತ್ತು. "ಒಂದು ದಾಟಿದರೆ ಇನ್ನೊಂದು ಇದೆ ಅಂತಲೇ ಲೆಕ್ಕ ಹಾಕಬೇಕು" ಅಂದರು.

ಅವರು ಹೇಳಿದ್ದರಲ್ಲಿ ಕಾರಣವೂ ಇದೆ. ಜಿಂಕೆ, ಕಡವೆ, ದನ, ಬೆಕ್ಕು ಇವುಗಳ ಕಣ್ಣಿನ ಹಿಂಬದಿಯಲ್ಲಿ ಕನ್ನಡಿಯಂಥ ಒಂದು ಪದರ ಇದೆ. ಬಿದ್ದ ಬೆಳಕನ್ನು ಅದು ಹಿಂದಕ್ಕೆ ಎಸೆಯುತ್ತದೆ. ಕತ್ತಲಲ್ಲಿ ಕಾಣಲಿಕ್ಕೆ ಪ್ರಕೃತಿ ಕೊಟ್ಟ ಅನುಕೂಲ ಅದು. ನಮ್ಮ ಹೆಡ್‌ಲೈಟ್ ಎದುರು ಬಂದರೆ ಅದೇ ಕಣ್ಣು ಕುರುಡಾಗಿ, ಪ್ರಾಣಿ ಎತ್ತ ಓಡಬೇಕೆಂದು ತಿಳಿಯದೆ ನಿಂತುಬಿಡುತ್ತದೆ. ಆದರೆ ದೂರದಿಂದಲೇ ನಮಗೆ ಎರಡು ಕಿಡಿ ಕಾಣಿಸುತ್ತವೆ. ಹಂದಿಗೆ ಆ ಪದರ ಇಲ್ಲ, ಮನುಷ್ಯರಿಗೂ ಇಲ್ಲದ ಹಾಗೆ. ಮೈ ಕಪ್ಪು, ಗಿಡ್ಡ, ತಲೆ ತಗ್ಗಿಸಿಯೇ ಓಟ. ಡಾಂಬರಿನ ಬಣ್ಣಕ್ಕೂ ಅದರ ಬಣ್ಣಕ್ಕೂ ವ್ಯತ್ಯಾಸವೇ ಇಲ್ಲ. ಲಾರಿಗೆ ರೇಡಿಯೇಟರ್ ಹೋಗುತ್ತದೆ, ಸ್ಕೂಟರಿನವನಿಗೆ ಮುಂದಿನ ಚಕ್ರವೇ ಹೋಗುತ್ತದೆ.

ಹಿಂದೆ ನಮ್ಮ ಕಡೆಯ ಲಾರಿಯವರು ಹೇಳುತ್ತಿದ್ದುದು ಬಂಡೀಪುರದ ಜಿಂಕೆಗಳ ಮಾತು. ರಸ್ತೆಯ ಎರಡೂ ಬದಿ ಪೊದೆ ಕಡಿದಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಅದನ್ನು ಮೇಯಲು ಹಿಂಡೇ ಬರುತ್ತದೆ. 2009ರಿಂದ ಆ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧವಾಯಿತು, ಆಂಬುಲೆನ್ಸ್ ಮತ್ತು ಕೆಲವೇ ಬಸ್ಸುಗಳಿಗೆ ಮಾತ್ರ ವಿನಾಯಿತಿ. ಮೈಸೂರು-ಮಾನಂದವಾಡಿ ರಸ್ತೆಗೆ ಅದಕ್ಕೂ ಒಂದು ವರ್ಷ ಮೊದಲೇ, 2008ರಲ್ಲಿ, ರಾತ್ರಿ ಗೇಟು ಬಿತ್ತು. ವ್ಯಾಪಾರಸ್ಥರು ಬೈದರು, ಈಗಲೂ ಬೈಯುತ್ತಾರೆ. ನಾನೂ ಬೈದವನೇ. ಆದರೆ ಅಲ್ಲಿ ಕಾಡು ಎಲ್ಲಿ ಶುರು, ಎಲ್ಲಿ ಕೊನೆ ಅಂತ ಗೊತ್ತು. ಗೇಟು ಹಾಕಲು ಒಂದು ಜಾಗ ಇದೆ. ಕಾಸರಗೋಡಿನಲ್ಲಿ ಗೇಟು ಎಲ್ಲಿ ಹಾಕುತ್ತೀರಿ? ಒಂದು ಅಡಿಕೆ ತೋಟ, ಆಮೇಲೆ ರಬ್ಬರು, ಅದರಾಚೆ ಬಲ್ಲೆ ಬೆಳೆದ ಗೇರು ತೋಟ, ನಡುವೆ ಕಾರಡ್ಕದ ರಿಸರ್ವ್ ಕಾಡು, ಮತ್ತೆ ಮನೆ, ಶಾಲೆ, ಮಸೀದಿ, ಭಜನಾ ಮಂದಿರ. ಹಂದಿ ಹಗಲು ಗೇರು ತೋಟದ ಬಲ್ಲೆಯಲ್ಲಿ ಮಲಗಿ ರಾತ್ರಿ ಮರಗೆಣಸಿಗೆ ಹೊರಡುತ್ತದೆ. ನಡುವೆ ರಸ್ತೆ.

ಬಿದ್ದೆ ಅಂದದ್ದೇ ತಪ್ಪಾಯಿತು

ಆ ಅಂಗಡಿಯಲ್ಲಿ ಕೇಳಿದ ಕಥೆಗಳಲ್ಲಿ ಒಂದು ಇಂದಿಗೂ ನನ್ನ ತಲೆಯಲ್ಲಿ ಕೂತಿದೆ. ಹೇಳಿದವರು ಟ್ಯಾಪಿಂಗ್ ಕೆಲಸದವರು, ನಲವತ್ತರ ಆಸುಪಾಸು. ಬೆಳಗಿನ ಮೂರೂವರೆಗೆ ಹಣೆಗೆ ಲೈಟು ಕಟ್ಟಿಕೊಂಡು ಬೈಕಿನಲ್ಲಿ ಹೊರಟಾಗ ಹಂದಿ ಹೊಡೆಯಿತು. ಹೆಗಲಿನ ಮೂಳೆ ಮುರಿಯಿತು. ಯಾರೋ ಎತ್ತಿ ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಏನಾಯಿತು ಅಂತ ಅಲ್ಲಿ ಕೇಳಿದಾಗ ಇವರು ನೋವಿನಲ್ಲೇ ತುಳುವಿನಲ್ಲಿ ಹೇಳಿದರು, "ಪಂಜಿ ಅಡ್ಡ ಬತ್ತ್ಂಡ್, ಬೂರಿಯೆ." ಹಂದಿ ಅಡ್ಡ ಬಂತು, ಬಿದ್ದೆ. ಬರೆದುಕೊಂಡವರು ಕೊನೆಯ ಮಾತನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆದರು: ಬೈಕಿನಿಂದ ಸ್ವತಃ ಬಿದ್ದದ್ದು.

ಮೂರು ತಿಂಗಳು ಕತ್ತಿ ಹಿಡಿಯಲಾಗಲಿಲ್ಲ. ಆಮೇಲೆ ಯಾರೋ ಹೇಳಿದರು ಅಂತ ಪರಿಹಾರಕ್ಕೆ ಅರ್ಜಿ ಹಾಕಲು ಹೋದರು. ಅರ್ಜಿ ಮಲಯಾಳದಲ್ಲಿ ಇತ್ತು, ಇವರಿಗೆ ಓದಲು ಬರುವುದು ಕನ್ನಡ. ಮಗಳು ಓದಿ ತುಂಬಿಸಿದಳು. ಕಚೇರಿಯಲ್ಲಿ ಆಸ್ಪತ್ರೆಯ ಕಾಗದ ತಿರುವಿ ನೋಡಿದವರು ಸಿಟ್ಟಿನಿಂದೇನೂ ಅಲ್ಲ, ಸಹಜವಾಗಿಯೇ ಕೇಳಿದರಂತೆ: "ಇದರಲ್ಲಿ ಹಂದಿ ಎಲ್ಲಿದೆ?"

ತುಳುವಿನಲ್ಲಿ ಇದ್ದ ಹಂದಿ ಇಂಗ್ಲಿಷಿಗೆ ಹೋಗುವಾಗ ತಪ್ಪಿಸಿಕೊಂಡಿತ್ತು. ಹೇಳಿ ನಕ್ಕರು ಅವರು. ನನಗೆ ನಗು ಬರಲಿಲ್ಲ.

ಕೇರಳದಲ್ಲಿ ಕಾಡುಪ್ರಾಣಿಯಿಂದ ತೊಂದರೆಯಾದವರಿಗೆ ಪರಿಹಾರ ಕೊಡುವ ನಿಯಮ 1980ರದ್ದು. ಜೀವ ಹೋದರೆ ಕೊಡುವ ಮೊತ್ತವನ್ನು 2018ರಲ್ಲಿ 5 ಲಕ್ಷದಿಂದ 10 ಲಕ್ಷಕ್ಕೆ ಏರಿಸಿದರು. ಗಾಯಕ್ಕೂ ಇದೆ, ಬೆಳೆಗೂ ಇದೆ. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಆದರೆ ನಿಯಮದ ಹೆಸರಿನಲ್ಲೇ ಇರುವ ಮಾತು 'ದಾಳಿ'. ಹಂದಿ ಬಂದು ನಿಮಗೆ ಗುದ್ದಿತೋ, ನೀವು ಹೋಗಿ ಹಂದಿಗೆ ಗುದ್ದಿದಿರೋ ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಅದಕ್ಕೆ ಉತ್ತರ ಹೇಳುವುದು ಮೊದಲ ಒಂದು ಗಂಟೆಯಲ್ಲಿ ಬರೆಸಿದ ಕಾಗದ. ಆಸ್ಪತ್ರೆಯಲ್ಲಿ ಹಂದಿ ಅಂತ ಬರೆಸಿ, ಬರೆದದ್ದನ್ನು ಓದಿಸಿ ಕೇಳಿ. ಕಾಸರಗೋಡಿನ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲೇ ಬರೆಯಲು ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲಿ ಅವಕಾಶ ಇದೆ. ಅದನ್ನು ನೆನಪಿಸಲು ಹೋದರೆ ಕೆಲಸ ತಡವಾಗುತ್ತದೆ ಅಂತ ಯಾರೂ ನೆನಪಿಸುವುದಿಲ್ಲ, ಅಷ್ಟೆ.

ಇನ್ನು ಕೇಸಿನ ಹೆದರಿಕೆ. ಅಂಗಡಿಯಲ್ಲಿ ಅರ್ಧ ಜನ ನಮಗೆ ಕೊಟ್ಟ ಸಲಹೆ, "ಮರಕ್ಕೆ ಗುದ್ದಿತು ಅಂತ ಹೇಳಿಬಿಡಿ." ಅಕ್ಕನ ಮಗನಿಗೂ ಅದೇ ಸರಿ ಅನ್ನಿಸಿತ್ತು. ಅಷ್ಟರಲ್ಲಿ ಇಬ್ಬರು ಗೋಣಿಚೀಲ, ಟಾರ್ಚು ಹಿಡಿದು ನಮ್ಮ ಗಾಡಿ ನಿಂತ ಕಡೆಗೆ ಸ್ಕೂಟರಿನಲ್ಲಿ ಹೋದದ್ದು ಕಂಡಿತು. ನಮ್ಮನ್ನು ಕರೆತಂದ ಆಟೋದವರನ್ನು ಅಲ್ಲಿ ಎಲ್ಲರೂ ಇಚ್ಚ ಎಂದೇ ಕರೆಯುವುದು. ಅವರು ಮೆಲ್ಲಗೆ ನನ್ನ ಕಿವಿಯಲ್ಲಿ, "ಈಗಲೇ ಫೋನ್ ಮಾಡಿ. ಅವರು ಹಂದಿ ಎತ್ತಿಕೊಂಡು ಹೋದರೆ ಹೆಸರು ಬರುವುದು ನಿಮ್ಮ ಗಾಡಿಯದು" ಅಂದರು.

ಇಚ್ಚ ಹೇಳಿದ್ದು ಕಾನೂನಿನ ಮಾತೇ. 1972ರ ವನ್ಯಜೀವಿ ಕಾಯ್ದೆಯ 39ನೇ ಕಲಂ ಪ್ರಕಾರ ಅಕಸ್ಮಾತ್ ಸತ್ತ ಕಾಡುಪ್ರಾಣಿಯೂ ಸರ್ಕಾರದ ಸ್ವತ್ತು. ಅದು ಕೈಗೆ ಬಂದವನು 48 ಗಂಟೆಯೊಳಗೆ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. ಮಾಂಸ ಹಂಚಿಕೊಂಡರೆ ಅದು ಅಪಘಾತವಾಗಿ ಉಳಿಯುವುದಿಲ್ಲ. 2022ರಲ್ಲಿ ಕೇರಳ ಸರ್ಕಾರ ಬೆಳೆ ಹಾಳು ಮಾಡುವ ಹಂದಿಗೆ ಗುಂಡು ಹೊಡೆಸುವ ಅಧಿಕಾರವನ್ನು ಪಂಚಾಯತಿ ಅಧ್ಯಕ್ಷರಿಗೆ ಕೊಟ್ಟಿತು. ಆದರೆ ಹಾಗೆ ಹೊಡೆದ ಹಂದಿಯನ್ನೂ ಸೀಮೆಎಣ್ಣೆ ಸುರಿದು ಹೂಳಲೇಬೇಕು. "ಕೃಷಿ ತಿಂದ ಹಂದಿಯನ್ನು ಮಣ್ಣು ತಿನ್ನುತ್ತದೆ, ನಮಗೆ ವಾಸನೆಯೂ ಇಲ್ಲ" ಅಂತ ಚಹಾ ಅಂಗಡಿಯವರು ಗೊಣಗಿದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ನಮ್ಮೂರಲ್ಲೂ ಹಂದಿ ಕಡಲೆಕಾಯಿ ಹೊಲ ಉತ್ತ ಹಾಗೆ ಮಾಡಿ ಹೋಗುತ್ತದೆ.

ಫೋನ್ ಮಾಡಿದೆವು. ಎಂಟು ಗಂಟೆಗೆ ಇಬ್ಬರು ಅರಣ್ಯದವರು ಬಂದರು. ಗೋಣಿಚೀಲದವರು ಬರಿಗೈಯಲ್ಲಿ ವಾಪಸಾಗಿದ್ದರು. ಇವರು ರಕ್ತದ ಜಾಡು ಹಿಡಿದು ಹುಡುಕಿ ತೋಡಿನ ಹತ್ತಿರ ಹಂದಿಯನ್ನು ಕಂಡರು. ಸತ್ತಿತ್ತು. ನಮ್ಮನ್ನು ಕೇಳಿದ್ದು ನಾಲ್ಕೇ ಪ್ರಶ್ನೆ: ಎಷ್ಟು ಗಂಟೆಗೆ, ಎಷ್ಟು ವೇಗ, ಒಂದೇ ಹಂದಿಯೋ, ಹೊಡೆದ ಮೇಲೆ ಮುಟ್ಟಿದಿರೋ. ಬರೆದುಕೊಂಡು ಸಹಿ ಹಾಕಿಸಿದರು. ಕೇಸು ಹಾಕಲಿಲ್ಲ. ಅಭಯಾರಣ್ಯದೊಳಗೆ ವೇಗವಾಗಿ ಓಡಿಸಿ ಜಿಂಕೆ ಕೊಂದವರ ವಿಚಾರ ಬೇರೆ. ಅಲ್ಲಿ ಕೇಸೂ ಆಗುತ್ತದೆ, ಗಾಡಿಯೂ ಜಪ್ತಿಯಾಗುತ್ತದೆ.

ಆ ಕಾಗದದ ಬೆಲೆ ಗೊತ್ತಾದದ್ದು ವಿಮೆಯವರು ಬಂದಾಗ. ಬರೀ ಥರ್ಡ್ ಪಾರ್ಟಿ ಕಟ್ಟಿದ ಗಾಡಿಗೆ ಹಂದಿ ಹೊಡೆದರೆ ರಿಪೇರಿಗೆ ಬಿಡಿಗಾಸೂ ಹುಟ್ಟುವುದಿಲ್ಲ. ಪೂರ್ತಿ ಪಾಲಿಸಿ ಇದ್ದರೆ ಸಿಗುತ್ತದೆ. ಮಾಲೀಕನೇ ಓಡಿಸುವಾಗ ಸತ್ತರೆ 15 ಲಕ್ಷದ ಅಪಘಾತ ವಿಮೆ 2018ರಿಂದ ಇದೆ. ಸಂಬಳದ ಡ್ರೈವರ್‌ಗೆ ಅದು ಬರುವುದಿಲ್ಲ, ಅವನಿಗೆ ಬೇರೆ ದುಡ್ಡು ಕಟ್ಟಿರಬೇಕು. ಎಷ್ಟು ಮಾಲೀಕರು ಕಟ್ಟಿದ್ದಾರೆ ಅಂತ ಓದುಗರೇ ತಮ್ಮ ತಮ್ಮ ಗಾಡಿಯ ಕಾಗದ ತೆಗೆದು ನೋಡಿಕೊಳ್ಳಲಿ. ಅಕ್ಕನ ಮಗ ಪೂರ್ತಿ ಪಾಲಿಸಿ ಮಾಡಿಸಿದ್ದ, ಅದೂ ಸಾಲ ಕೊಟ್ಟವರ ಒತ್ತಾಯಕ್ಕೆ.

ಸರ್ವೇಯರ್ ಮಧ್ಯಾಹ್ನ ಬಂದು ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಗ್ರಿಲ್ಲಿನ ಸಂದಿಯಿಂದ ಒಂದು ಕೂದಲು ಎಳೆದು ಬೆಳಕಿಗೆ ಹಿಡಿದರು. ತಂತಿಯ ಹಾಗೆ ಗಟ್ಟಿ, ತುದಿ ಸೀಳಿದ್ದು. "ಮರಕ್ಕೆ ಗುದ್ದಿದ್ದು ಅಂತ ಹೇಳುವವರೇ ಜಾಸ್ತಿ, ಮರಕ್ಕೆ ಕೂದಲು ಇರ್ತದಾ?" ಅಂದರು. ಅಕ್ಕನ ಮಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ಟೊಮೆಟೊವನ್ನು ಎರಡು ಪಿಕಪ್‌ಗೆ ಬದಲಿಸಿ ಪೇಟೆ ಮುಟ್ಟಿಸುವಾಗ ಹನ್ನೊಂದೂವರೆ. ಬೆಳಗಿನ ರೇಟು ಇರಲಿಲ್ಲ. ಒಡೆದ ಬಾಕ್ಸು, ಪಿಕಪ್ ಬಾಡಿಗೆ ಕಳೆದು ನನ್ನ ಪಾಲಿಗೆ ಬಂದದ್ದನ್ನು ಇಲ್ಲಿ ಬರೆಯುವುದು ಬೇಡ. ಹಳೇ ಲೆಕ್ಕ ಮಾತ್ರ ಮಂಡಿಯವರು ಮಾತಿನಂತೆ ಮುಗಿಸಿದರು, ಊಟವನ್ನೂ ಹಾಕಿಸಿದರು.

ಮೂರನೇ ದಿನ ರಾತ್ರಿ ಹೊಸ ರೇಡಿಯೇಟರ್ ಹಾಕಿಸಿಕೊಂಡು ಖಾಲಿ ಗಾಡಿಯಲ್ಲಿ ಅದೇ ದಾರಿ ಹಿಡಿದೆವು. ಮುಳ್ಳೇರಿಯ ದಾಟಿದ ಮೇಲೆ ಅಕ್ಕನ ಮಗ ತಾನಾಗಿಯೇ ವೇಗ ಇಳಿಸಿದ. ಆ ಜಾಗದ ಹತ್ತಿರ ರಸ್ತೆ ಬದಿ ಒಂದು ಹಳದಿ ಬೋರ್ಡು ಇತ್ತು. ಬರುವಾಗ ನಾವು ಅದನ್ನು ನೋಡಿರಲಿಲ್ಲ. ಮಲಯಾಳದಲ್ಲಿ ಏನೋ ಬರೆದಿತ್ತು. "ಏನಂತೆ ಮಾವಾ?" ಅಂದ. ನನಗೆ ಬರುವುದು ತೆಲುಗು, ಕನ್ನಡ. "ಪಂದಿ ಅಂತಲೇ ಇರಬೇಕು, ನಿಧಾನವಾಗಿ ನಡೆಸು" ಅಂದೆ.