ಊರು ಬಿಡದೆ ಹೊರನಾಡಿಗರಾದವರು

ಹೊರನಾಡ ಕನ್ನಡಿಗರು ಅಂದ್ರೆ ದುಬೈ, ಅಮೆರಿಕಾನೇ ಕಣ್ಮುಂದೆ ಬರುತ್ತೆ, ಅಲ್ವಾ? ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿಗೆ, ಬೆಳುಂಕಿ ಕಡೆ ಬನ್ನಿ. ಇಲ್ಲಿಯ ಕನ್ನಡಿಗರು ವಿಮಾನ ಹತ್ತಿದವರಲ್ಲ. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಪಕ್ಕದ ವಿಜಾಪುರ ಮೈಸೂರು ರಾಜ್ಯಕ್ಕೆ ಬಂತು, ಜತ್ತ ಮುಂಬೈ ರಾಜ್ಯದಲ್ಲೇ ಉಳಿಯಿತು.

ಗಡಿಯಲ್ಲಿರೋದರಿಂದ ಅನುಕೂಲವೂ ಇದೆ. ಕನ್ನಡ, ಮರಾಠಿ ಎರಡೂ ಮಕ್ಕಳಿಗೆ ಸಲೀಸು. ಗುಡ್ಡಾಪುರದ ದಾನಮ್ಮ ದೇವಿಯೂ ಅವರವಳೇ, ಪಂಢರಪುರದ ವಿಠೋಬನೂ ಅವರವನೇ.

ಕಷ್ಟ ಶುರುವಾಗೋದು ಕಾಗದದಲ್ಲಿ. ಮಗಳ ಚೀಲದಲ್ಲಿ ಕನ್ನಡ ಪುಸ್ತಕ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯೇ ಅಚ್ಚು ಹಾಕಿಸಿದ್ದು. ಅಪ್ಪನ ಕೈಯಲ್ಲಿ ಹೊಲದ ಸಾತ್‌ಬಾರಾ ಉತಾರ, ಅಂದ್ರೆ ನಮ್ಮ ಪಹಣಿಯಂಥ ಕಾಗದ, ಪೂರ್ತಿ ಮರಾಠಿ. ಕನ್ನಡ ಶಾಲೆಯಲ್ಲಷ್ಟೇ ಓದಿದ ಹಿರಿಯರು ಅದರಲ್ಲಿ ತಮ್ಮ ಹೆಸರು ಸರಿ ಇದೆಯಾ ಅಂತ ಇನ್ನೊಬ್ಬರನ್ನ ಕೇಳಬೇಕು. ಸ್ವಂತ ಹೊಲದ ಕಾಗದ! ಇದು ನನಗೆ ಬಹಳ ನೋವು ಕೊಡೋ ವಿಷಯ.

ಹತ್ತನೇ ತರಗತಿ ಪರೀಕ್ಷೆಯನ್ನ ಕನ್ನಡದಲ್ಲೇ ಬರೀಬಹುದು. ಆಮೇಲೆ? ಹೆಚ್ಚಾಗಿ ಮರಾಠಿ ಇಲ್ಲಾ ಇಂಗ್ಲಿಷ್ ಕಾಲೇಜು, ಇಲ್ಲವೇ ಗಡಿ ದಾಟಿ ವಿಜಾಪುರ, ಅಥಣಿ. ವೃತ್ತಿ ಕೋರ್ಸುಗಳಲ್ಲಿ ಗಡಿನಾಡ ಕನ್ನಡಿಗರಿಗೆ ಕರ್ನಾಟಕ ಮೀಸಲು ಸೀಟು ಇಟ್ಟಿದೆ. ಮನೆಯಲ್ಲಿ ಓದೋ ಮಕ್ಕಳಿದ್ರೆ ಅದರ ನಿಯಮ ಈಗಲೇ ವಿಚಾರಿಸಿ, ಶಾಲೆ ದಾಖಲೆ ಜೋಪಾನ ಮಾಡಿ.

ಇನ್ನು ನೀರು. ಬರದ ತಾಲ್ಲೂಕು ಇದು. ನೀರು ಸಿಗದ ಸಿಟ್ಟಿಗೆ ಇಲ್ಲಿನ ಹಲವು ಹಳ್ಳಿಗಳು ಕರ್ನಾಟಕಕ್ಕೆ ಸೇರ್ತೀವಿ ಅಂತ ಠರಾವು ಮಾಡಿದ್ದವು. 2022ರಲ್ಲಿ ಅದೇ ಮಾತು ಎರಡೂ ರಾಜ್ಯಗಳಲ್ಲಿ ದೊಡ್ಡ ಸುದ್ದಿಯಾಯ್ತು. ಆದರೆ ಹಳ್ಳಿಯವರು ಕೇಳಿದ್ದು ಹೊಲಕ್ಕೆ ನೀರು, ಮಕ್ಕಳಿಗೆ ಕನ್ನಡದ ಮೇಷ್ಟ್ರು.